ಭಟ್ಟರ ಹಾಟ್‌ಸ್ಪಾಟ್‌ನಲ್ಲಿ ಒಬ್ಬರು ಹೆಚ್ಚು

ಅಲೆವೂರಿನ ಹೃಷೀಕೇಶ ಭಟ್ಟರ ಹತ್ತಿರ ಬೈಸಿಕೊಳ್ಳದ ಮನುಷ್ಯ ನಮ್ಮ ಕಡೆ ಇರಲಿಲ್ಲ. ನಾನು ಅವರ ಪಕ್ಕದ ಮನೆಯವಳು, ಹಾಗಾಗಿ ನನ್ನ ಪಾಲಿಗೆ ಬಂದದ್ದು ಸ್ವಲ್ಪ ಹೆಚ್ಚೇ. ಒಮ್ಮೆ ಬೇಲಿಯ ಮೇಲೆ ಹರವಿದ್ದ ನನ್ನ ದುಪಟ್ಟಾ ಗಾಳಿಗೆ ಹಾರಿ ಅವರ ಮಡಿ ಪಂಚೆಗೆ ತಾಗಿತೆಂದು ನಾಲ್ಕು ಮನೆಗೆ ಕೇಳುವ ಹಾಗೆ ಕೂಗಾಡಿದರು. ಅದೇ ಸಂಜೆ ಬಾಳೆಲೆಯಲ್ಲಿ ಹಲಸಿನ ಕಡುಬು ಕಟ್ಟಿ ತಂದು, "ನಿನ್ನ ಅಮ್ಮನ ಕಾಲುನೋವು ಹೇಗುಂಟು ಶರ್ವಾಣಿ?" ಎಂದು ವಿಚಾರಿಸಿದರು. ಬೆಳಗಿನ ಕೂಗಾಟದ ಸುದ್ದಿಯನ್ನೇ ಎತ್ತಲಿಲ್ಲ. ಅವರ ಸ್ವಭಾವ ಅಂಥದ್ದು, ಅವರ ಮೇಲೆ ಸಿಟ್ಟು ಇಟ್ಟುಕೊಳ್ಳಲು ಆಗುವುದಿಲ್ಲ.

ಅವರು ಪುರೋಹಿತರು, ಅದರಲ್ಲೂ ಶ್ರಾದ್ಧದ ಭಟ್ಟರು. ಮದುವೆ, ಗೃಹಪ್ರವೇಶಗಳಿಗೆ ನಗುಮುಖದವರು ಬೇಕಾಗುತ್ತಾರೆ. ಇವರ ಮುಖ ಸಾಲುವುದಿಲ್ಲ. ಮದುವೆಯಾದವರಲ್ಲ. ತಾಯಿಯನ್ನು ಕೊನೆಯವರೆಗೆ ತಾವೇ ಅಡುಗೆ ಮಾಡಿ ಬಡಿಸಿ ನೋಡಿಕೊಂಡವರು. ಆಕೆ ಹೋದ ಮೇಲೆ ಊರವರ ತಂದೆ ತಾಯಿಯರನ್ನು ವರ್ಷಕ್ಕೊಮ್ಮೆ ಕರೆದು ಉಣ್ಣಿಸಿ ಕಳಿಸುವುದೇ ಅವರ ಸಂಸಾರವಾಯಿತು. ಮೊಪೆಡ್ಡಿನ ಹಿಂದೆ ದರ್ಭೆಯ ಕಟ್ಟು, ಮುಂದೆ ತಾಮ್ರದ ಪಾತ್ರೆಗಳ ಚೀಲ. "ಸ್ವಲ್ಪ ಬೇಗ ಮುಗಿಸಿ ಭಟ್ಟರೇ, ಬಸ್ಸುಂಟು" ಎಂದವರಿಗೆ, "ನಿನ್ನ ಅಪ್ಪನಿಗೆ ಬಸ್ಸಿಲ್ಲ ಮಾರಾಯ, ಅವರು ನಿಧಾನಕ್ಕೆ ಊಟ ಮಾಡಲಿ" ಎನ್ನುವ ಜನ. ಒಂದು ಅಕ್ಷರ ಬಿಡುತ್ತಿರಲಿಲ್ಲ.

ಇಂಥ ಮಡಿವಂತರು ಸ್ಮಾರ್ಟ್‌ಫೋನ್ ಹಿಡಿದರು ಎಂದರೆ ಈಗಲೂ ಕೆಲವರು ನಂಬುವುದಿಲ್ಲ. ಅದನ್ನು ಇಟ್ಟುಕೊಂಡದ್ದು ಒಂದೇ ಒಂದು ಮಳೆಗಾಲ ಮತ್ತು ಚಳಿಗಾಲದ ಅರ್ಧ. ಯಾಕೆ ಬಿಟ್ಟಿರಿ ಎಂದು ಕೇಳಿದವರಿಗೆಲ್ಲ ಸಾಯುವವರೆಗೂ "ಬ್ಯಾಟರಿ ಹೋಯಿತು" ಎಂದರು. ಬ್ಯಾಟರಿ ಹೋಗಿರಲಿಲ್ಲ. ನನಗೆ ಗೊತ್ತು, ಆ ಫೋನು ಈಗಲೂ ನಮ್ಮ ಮನೆಯ ಕಪಾಟಿನಲ್ಲಿದೆ.

ಶುರುವಾದದ್ದು 2009ರಲ್ಲಿ. ಅವರು ಶ್ರಾದ್ಧ ಮಾಡಿಸುತ್ತಿದ್ದ ಹಳೆಯ ಮನೆಗಳು ಒಂದೊಂದಾಗಿ ಖಾಲಿಯಾಗಿದ್ದವು. ಮುಂಬಯಿಯಿಂದ, ಮಸ್ಕತ್ತಿನಿಂದ ಫೋನು ಬರುತ್ತಿತ್ತು, "ನಮಗೆ ರಜೆ ಇಲ್ಲ, ನಮ್ಮ ಲೆಕ್ಕದಲ್ಲಿ ನೀವೇ ಮಾಡಿಬಿಡಿ." ಭಟ್ಟರಿಗೆ ಮೈಯೆಲ್ಲ ಉರಿ. ಕರ್ತೃ ಇಲ್ಲದ ಶ್ರಾದ್ಧ ವರನಿಲ್ಲದ ಮದುವೆ ಎನ್ನುತ್ತಿದ್ದರು. ಒಂದು ದಿನ ಬೇಲಿಯ ಹತ್ತಿರ ಬಂದು ನಿಂತರು. ನಾನು ಆಗ ಮಣಿಪಾಲದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದೆ.

"ನಿನ್ನ ಆ ಲ್ಯಾಪ್‌ಟಾಪಿನಲ್ಲಿ ದೂರದವರ ಮುಖ ಬರ್ತದಂತೆ, ಹೌದಾ?"

"ಬರ್ತದೆ ಭಟ್ಟರೇ. ಆದರೆ ನೆಟ್ ಬೇಕು."

"ನೆಟ್ ಮನೆ ಮನೆಗೆ ಎಲ್ಲಿ ಉಂಟು? ತಕ್ಕೊಂಡು ಹೋಗ್ಲಿಕ್ಕೆ ಆಗ್ತದಾ, ಹಾಲಿನ ಹಾಗೆ?"

ಆಗುತ್ತದೆ ಎಂದು ನಾನು ಹೇಳಿದ್ದೇ ತಪ್ಪಾಯಿತು. ಹಳೆಯ ಸ್ಮಾರ್ಟ್‌ಫೋನ್ ಒಂದನ್ನು ಕೊಡಿಸಿ, ಸಿಮ್ಮಿನ ನೆಟ್ಟನ್ನು ಸುತ್ತಮುತ್ತ ಹಂಚುವ ಒಂದು ತಂತ್ರಾಂಶ ಹಾಕಿಕೊಟ್ಟೆ. ಈಗ ಎಲ್ಲರ ಫೋನಿನಲ್ಲೂ ಇರುವ ಹಾಟ್‌ಸ್ಪಾಟ್ ಆಗ ಹೊಸ ಸಂಗತಿ. ಪಾಸ್‌ವರ್ಡ್ ಇರಲಿಲ್ಲ, ಹತ್ತಿರ ಇದ್ದವರು ಯಾರೂ ಸೇರಿಕೊಳ್ಳಬಹುದಿತ್ತು. ಎಷ್ಟು ಮಂದಿ ಸೇರಿದ್ದಾರೆ ಎಂಬ ಅಂಕಿ ಮಾತ್ರ ಫೋನಿನ ಪರದೆಯ ಮೇಲೆ ಕಾಣುತ್ತಿತ್ತು. ಲ್ಯಾಪ್‌ಟಾಪ್ ಸೇರಿದರೆ ಒಂದು, ಬಿಟ್ಟರೆ ಸೊನ್ನೆ.

ಕಷ್ಟ ಇದ್ದದ್ದು ಬೇರೆ ಕಡೆ. ಮಡಿಯಲ್ಲಿರುವ ಭಟ್ಟರು ಫೋನು ಮುಟ್ಟುವ ಹಾಗಿಲ್ಲ, ಮಡಿಯಲ್ಲಿಲ್ಲದ ನಾನು ಶ್ರಾದ್ಧದ ಕೋಣೆಗೆ ಕಾಲಿಡುವ ಹಾಗಿಲ್ಲ. ಕೊನೆಗೆ ಅವರೇ ತೀರ್ಪು ಕೊಟ್ಟರು. ಫೋನು ಹೊಸ್ತಿಲ ಹೊರಗೆ ಸ್ಟೂಲಿನ ಮೇಲೆ, ಲ್ಯಾಪ್‌ಟಾಪ್ ಒಳಮುಖವಾಗಿ, ಬಗ್ಗಿದರೆ ನನಗೂ ಪರದೆ ಕಾಣುವ ಹಾಗೆ ನನ್ನ ತೊಡೆಯ ಮೇಲೆ, ನಾನು ಹೊಸ್ತಿಲ ಮೇಲೆ. ಒಳಗೂ ಅಲ್ಲ, ಹೊರಗೂ ಅಲ್ಲ. ರಜೆ ಹಾಕಿ ಇವರ ಹಿಂದೆ ಅಲೆದು ಹೊಸ್ತಿಲು ಕಾಯುವ ಹಣೆಬರಹ ನನಗೆ ಯಾಕೆ ಬಂತೋ ಎಂದು ಎಷ್ಟು ಸಲ ಗೊಣಗಿದ್ದೇನೋ. ಆದರೂ ಹೋಗುತ್ತಿದ್ದೆ. ಪುಣೆಯ ಇಂಜಿನಿಯರ್ ಒಬ್ಬರು ಚಡ್ಡಿಯಲ್ಲೇ ಬಂದು ಕುಳಿತಾಗ "ಅಪ್ಪ ಬರುವ ಹೊತ್ತಾಯಿತು, ಪಂಚೆ ಉಟ್ಟುಕೋ ಮಾರಾಯ" ಎಂದು ಭಟ್ಟರು ಪರದೆಗೆ ಗದರಿಸಿದ್ದನ್ನು ನೋಡುವ ಭಾಗ್ಯ ಬೇರೆ ಯಾರಿಗೆ ಸಿಗುತ್ತಿತ್ತು? ಜನ ಅವರನ್ನು ನೆಟ್ ಭಟ್ಟರು ಎಂದರು. ಕಾಲಕ್ಕೆ ತಕ್ಕ ಕೋಲ ಎಂದು ಆಡಿಕೊಂಡರು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಡಿಸೆಂಬರಿನಲ್ಲಿ ಕಾಪುವಿನ ವಾರಿಜಾಕ್ಷಿಯಮ್ಮನ ವರ್ಷದ ಶ್ರಾದ್ಧ ಬಂತು. ಆಕೆ ಸಮುದ್ರದ ಕಡೆ ಹೋಗುವ ರಸ್ತೆಯಲ್ಲಿ ಬರ್ತಾಬಾಯಿಯವರ ಹಿತ್ತಲಿನ ಬಿಡಾರದಲ್ಲಿ ಬಾಡಿಗೆಗಿದ್ದವರು. ಮದುವೆಮನೆಗಳಿಗೆ ಹಪ್ಪಳ, ಉಪ್ಪಿನಕಾಯಿ ಮಾಡಿಕೊಟ್ಟು ಒಬ್ಬನೇ ಮಗ ಅನಂತೇಶನನ್ನು ಸಾಕಿದವರು. ಅನಂತೇಶ ಕುವೈತಿನ ಒಂದು ಕ್ಯಾಂಟೀನಿನಲ್ಲಿ ಅಡುಗೆಯವನು. ತಾಯಿ ಸತ್ತಾಗ ಅವನ ಪಾಸ್‌ಪೋರ್ಟ್ ಮಾಲೀಕನ ಕೈಯಲ್ಲಿತ್ತು, ಕೊಡಲಿಲ್ಲ. ಮುಖ ನೋಡಲಿಕ್ಕೂ ಸಿಗಲಿಲ್ಲ. ಬೆಂಕಿ ಕೊಟ್ಟದ್ದು ಭಟ್ಟರೇ ಹುಡುಕಿ ತಂದ ದೂರದ ಯಾರೋ ದಾಯಾದಿ. ವರ್ಷ ಕಳೆದರೂ ಪಾಸ್‌ಪೋರ್ಟ್ ಅಲ್ಲೇ ಇತ್ತು. "ಅಮ್ಮ ಇದ್ದ ಕೋಣೆಯಲ್ಲೇ ಮಾಡಿ ಭಟ್ಟರೇ, ನಾನು ನೋಡಬೇಕು" ಎಂದು ಫೋನಿನಲ್ಲಿ ಅತ್ತನಂತೆ.

ಬರ್ತಾಬಾಯಿ ಆ ಕೋಣೆಯನ್ನು ಬೇರೆಯವರಿಗೆ ಕೊಟ್ಟಿರಲಿಲ್ಲ. ಹಿಂದಿನ ದಿನವೇ ತೊಳೆಸಿ, ಬಾವಿಗೆ ಹೊಸ ಹಗ್ಗ ಹಾಕಿಸಿದ್ದರು. "ನಮ್ಮಲ್ಲಿ ಇವತ್ತು ಮೀನು ಮಾಡ್ಲಿಕ್ಕಿಲ್ಲ ಭಟ್ರೇ, ಹೆದರಬೇಡಿ" ಎಂದು ಹೇಳಿ ಕಿಟಕಿಯ ಹೊರಗೆ ಕುರ್ಚಿ ಹಾಕಿಕೊಂಡು ಕುಳಿತರು. ಗೆಳತಿಯ ಊಟಕ್ಕೆ ಬಂದವರ ಹಾಗೆ ಒಳ್ಳೆಯ ಸೀರೆ ಉಟ್ಟಿದ್ದರು.

ಅಂದು ಶುಕ್ರವಾರ, ಅನಂತೇಶನಿಗೆ ರಜೆ. ಮಧ್ಯಾಹ್ನದ ಬಿಸಿಲು ಬಿಳಿಯಾಗಿ ಅಂಗಳದಲ್ಲಿ ಬಿದ್ದಿತ್ತು. ಕೋಣೆಯ ನಡುವೆ ಒಂದು ಮಣೆ, ಮಣೆಯ ಮೇಲೆ ದರ್ಭೆಯನ್ನು ಗಂಟು ಹಾಕಿ ಮಾಡಿದ ಕೂರ್ಚ. ಸತ್ತವರನ್ನು ಕರೆದು ಕೂರಿಸುವುದು ಅದರ ಮೇಲೆ. ಅದರ ಮುಂದೆ ಎಲೆ, ಎಲೆಯಲ್ಲಿ ಭಟ್ಟರು ಬೆಳಗ್ಗೆಯೇ ಎದ್ದು ಬೇಯಿಸಿದ ಅನ್ನ, ಬಾಳೆಕಾಯಿ ಪಲ್ಯ, ವಡೆ, ಪಾಯಸ. ಲ್ಯಾಪ್‌ಟಾಪಿನಲ್ಲಿ ಅನಂತೇಶ ತುಂಡು ತುಂಡಾಗಿ ಬರುತ್ತಿದ್ದ. ಒಮ್ಮೆ ಹಣೆ ಮುಂದೆ, ಆಮೇಲೆ ಬಾಯಿ. ಒದ್ದೆ ತಲೆ, ಪಂಚೆ, ಕೈಯಲ್ಲಿ ಎಳ್ಳು. ಭಟ್ಟರು ಹೇಳಿಕೊಟ್ಟದ್ದನ್ನು ಅಲ್ಲಿಂದ ಹೇಳುತ್ತಿದ್ದ. ತಾಯಿಯ ಹೆಸರು, ಗೋತ್ರ ಹೇಳಿ "ಬಾ, ಇಲ್ಲಿ ಕುಳಿತುಕೋ" ಎಂದು ಕರೆಯುವ ಮಂತ್ರವನ್ನೂ ಹೇಳಿದ. ಅದಾದ ಮೇಲೆ ಅವನು ಭಟ್ಟರ ಕಡೆ ನೋಡುವುದನ್ನೇ ಬಿಟ್ಟ. ಎಲೆಯ ಕಡೆಯೇ ನೋಡುತ್ತಿದ್ದ, ಯಾರೋ ತಿನ್ನುವುದನ್ನು ನೋಡುವ ಹಾಗೆ.

ಕೊನೆಗೆ ಕಳಿಸಿಕೊಡುವ ಮಾತು ಬಂತು. ಏಳು, ನಿನ್ನ ಲೋಕಕ್ಕೆ ಹೊರಡು ಎಂದು ಕರ್ತೃ ತನ್ನ ಬಾಯಿಯಲ್ಲೇ ಹೇಳಬೇಕು. ಕರೆದವನೇ ಕಳಿಸಬೇಕು, ಬೇರೆಯವರು ಹೇಳಿದರೆ ಸಲ್ಲದು. ಭಟ್ಟರು ಬಾಯಿ ತೆರೆದರು. ಆ ಹೊತ್ತಿಗೆ ಸರಿಯಾಗಿ ಪರದೆ ಕಪ್ಪಾಯಿತು.

"ಎಂತಾಯ್ತು?"

"ಲೈನ್ ಹೋಯ್ತು. ಫೋನ್ ಬಿಸಿಯಾಗಿದೆ, ತಡೆಯಿರಿ" ಎಂದೆ. ಲ್ಯಾಪ್‌ಟಾಪ್ ಬಂದ್ ಮಾಡಿದೆ. ಮೊದಲಿನಿಂದ ಶುರು ಮಾಡುವ ಎಂದು ಫೋನು ನೋಡಿದರೆ ಅಂಕಿ ಒಂದರಲ್ಲೇ ನಿಂತಿತ್ತು.

ಈ ಹಳೆಯ ಸಾಮಾನಿನ ಹಣೆಬರಹವೇ ಇಷ್ಟು ಎಂದುಕೊಂಡೆ. ಲ್ಯಾಪ್‌ಟಾಪಿನ ಬ್ಯಾಟರಿಯನ್ನೇ ತೆಗೆದು ನೆಲದ ಮೇಲಿಟ್ಟೆ. ಒಂದು. ಹಾಟ್‌ಸ್ಪಾಟ್ ಬಂದ್ ಮಾಡಿ ಮತ್ತೆ ಹಾಕಿದೆ. ಸೊನ್ನೆ ಬಂತು, ನಾನು ಉಸಿರು ಬಿಡುವಷ್ಟರಲ್ಲಿ ಒಂದಾಯಿತು. ಬರ್ತಾಬಾಯಿಯವರನ್ನು ಕೇಳಿದೆ, ಹತ್ತಿರ ಯಾರ ಮನೆಯಲ್ಲಾದರೂ ಕಂಪ್ಯೂಟರ್ ಉಂಟಾ? "ಇಲ್ಲ ಮಗಾ, ಇಲ್ಲಿ ಟಿವಿಯೇ ಸರಿ ಬರುವುದಿಲ್ಲ" ಎಂದರು. ಬೀಚಿಗೆ ಬಂದ ಯಾರೋ ಇರಬೇಕೆಂದು ಫೋನು ಹಿಡಿದುಕೊಂಡು ಗೇಟಿನವರೆಗೆ ನಡೆದೆ. ರಸ್ತೆಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇಲ್ಲ. ಗೇಟು ದಾಟಿ ಸ್ವಲ್ಪ ದೂರ ಹೋದಾಗ ಅಂಕಿ ಸೊನ್ನೆಯಾಯಿತು. ತಿರುಗಿ ಬಂದು ಹೊಸ್ತಿಲ ಹತ್ತಿರ ನಿಂತಾಗ ಒಂದಾಯಿತು. ಸೇರಿಕೊಂಡದ್ದು ಯಾವುದೇ ಆಗಲಿ, ರಸ್ತೆಯ ಕಡೆ ಇರಲಿಲ್ಲ.

"ಎಷ್ಟು ತೋರಿಸ್ತದೆ?" ಎಂದು ಭಟ್ಟರು ಕುಳಿತಲ್ಲಿಂದಲೇ ಕೇಳಿದರು.

"ಒಂದು."

"ನಿನ್ನ ಪೆಟ್ಟಿಗೆ ಬಂದ್ ಉಂಟಲ್ಲ?"

ಹಾಡಹಗಲು, ಎದುರಿಗೆ ಎಲೆ, ಅನ್ನದ ಮೇಲೆ ತುಪ್ಪ ಹೆಪ್ಪುಗಟ್ಟುತ್ತಿತ್ತು. ಸಮುದ್ರದ ಸದ್ದು ಎಂದಿನ ಹಾಗೆಯೇ ಇತ್ತು. ದೆವ್ವ ಭೂತ ಎಂದರೆ ನಗುವವಳು ನಾನು. ಆ ದಿನ ನಗು ಬರಲಿಲ್ಲ, ಹೆದರಿಕೆ ಬಂತು.

ನೆಟ್ ಇಲ್ಲದ ನನ್ನ ಸಾದಾ ಫೋನಿನಿಂದ ಅನಂತೇಶನಿಗೆ ಕರೆ ಮಾಡಿ, ಸ್ಪೀಕರ್ ಹಾಕಿ ಹೊಸ್ತಿಲ ಹೊರಗಿನಿಂದಲೇ ಹಿಡಿದೆ. ತುಂಬ ಹೊತ್ತು ರಿಂಗಾದ ಮೇಲೆ ಎತ್ತಿದ.

"ಲೈನ್ ಹೋಯ್ತು ಅನಂತೇಶಾ. ಒಂದೇ ಮಾತು ಬಾಕಿ ಉಂಟು, ಫೋನಿನಲ್ಲೇ ಹೇಳು" ಎಂದರು ಭಟ್ಟರು.

"ಲೈನ್ ಹೋದದ್ದಲ್ಲ ಭಟ್ಟರೇ. ನಾನೇ ಕಟ್ ಮಾಡಿದ್ದು."

"ಎಂತಕ್ಕೆ?"

"ಅಮ್ಮ ಕೂತಿದ್ದಾಳಲ್ಲ, ನಿಮಗೆ ಕಾಣುದಿಲ್ವಾ? ಊಟ ಮಾಡ್ತಾ ಇದ್ದಾಳೆ. ಏಳು ಅಂತ ನಾನು ಹೇಗೆ ಹೇಳಲಿ?"

ನಾನು ಎಲೆಯ ಕಡೆ ನೋಡಿದೆ. ಮಣೆ, ದರ್ಭೆ, ಅನ್ನ. ಬೇರೆ ಏನೂ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಹುಡುಗನಿಗೆ ದುಃಖದಲ್ಲಿ ಭ್ರಮೆ ಎನ್ನುತ್ತಿದ್ದರು. ಭಟ್ಟರು ಹಾಗೆ ಹೇಳಲಿಲ್ಲ.

"ಯಾವ ಸೀರೆ?"

"ಹಸಿರು ನೂಲಿನದು. ರವಿಕೆಯ ತೋಳಿಗೆ ಬೇರೆ ಬಣ್ಣದ ತುಂಡು ಹೊಲಿದದ್ದು ಉಂಟು."

ಕಿಟಕಿಯಲ್ಲಿ ಬರ್ತಾಬಾಯಿ ಶಿಲುಬೆಯ ಗುರುತು ಮಾಡಿಕೊಂಡರು. "ಆ ತುಂಡು ಹೊಲಿದದ್ದು ನಾನು. ಕೊನೆಗೆ ಅದನ್ನೇ ಉಡಿಸಿ ಕಳಿಸಿದ್ದು" ಎಂದರು. ಆಮೇಲೆ ಅವರ ತುಟಿ ಮಾತ್ರ ಅಲ್ಲಾಡುತ್ತಿತ್ತು, ಕೊಂಕಣಿಯಲ್ಲಿ ಪ್ರಾರ್ಥನೆ.

ಭಟ್ಟರು ಕಣ್ಣು ಮುಚ್ಚಿ ತೆರೆದರು. "ನೋಡು ಅನಂತೇಶಾ. ಕರೆದದ್ದು ನೀನು. ಸೂರ್ಯ ಮುಳುಗುವ ಮೊದಲು ನೀನು ಕಳಿಸದಿದ್ದರೆ ಅವರು ಅಲ್ಲಿಗೂ ಇಲ್ಲ, ನಿನ್ನ ಹತ್ತಿರವೂ ಇಲ್ಲ. ಈ ಬೀಗ ಹಾಕಿದ ಕೋಣೆಯಲ್ಲಿ ಈ ಎಲೆಯ ಮುಂದೆ ಒಬ್ಬರೇ ಕೂತಿರ್ತಾರೆ. ಅದು ಬೇಕಾ ನಿನಗೆ?"

ಆ ಕಡೆಯಿಂದ ಬರೀ ಅಳು ಕೇಳಿಸಿತು. ಆಮೇಲೆ, "ನನಗೆ ಕಾಣುವ ಹಾಗೆ ಮಾಡಿ. ಊಟ ಮುಗಿಯಲಿ. ಮುಗಿದ ಮೇಲೆ ಹೇಳ್ತೇನೆ."

ಊಟದ ನಡುವೆ ಯಾರನ್ನೂ ಎಬ್ಬಿಸಬಾರದು, ಭಿಕ್ಷುಕನನ್ನೂ ಎಬ್ಬಿಸಬಾರದು. ಇದಕ್ಕೆ ಭಟ್ಟರು ಇಲ್ಲ ಎನ್ನುವ ಹಾಗಿರಲಿಲ್ಲ. ನಾನು ಬ್ಯಾಟರಿ ಹಾಕಿ ಲ್ಯಾಪ್‌ಟಾಪನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡೆ. ಸ್ಟೂಲಿನ ಮೇಲಿನ ಫೋನಿನಲ್ಲಿ ಅಂಕಿ ಎರಡಾಯಿತು. ಅನಂತೇಶನ ಮುಖ ಬಂತು. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಚೌಕವಿರುತ್ತದಲ್ಲ, ನಮ್ಮ ಕ್ಯಾಮರಾ ಏನು ತೋರಿಸುತ್ತಿದೆ ಎಂದು ನಮಗೇ ಕಾಣುವುದು. ಅದರ ಮೇಲೆ ನನ್ನ ಕರವಸ್ತ್ರ ಮುಚ್ಚಿದೆ. ನೋಡಬಹುದಿತ್ತು. ನೋಡುವ ಧೈರ್ಯ ಇರಲಿಲ್ಲ.

ಹಾಗೆ ಕುಳಿತೆವು. ಬಿಸಿಲು ಅಂಗಳದಿಂದ ಜಗಲಿಗೆ ಬಂತು, ಜಗಲಿಯಿಂದ ನನ್ನ ಬೆನ್ನಿಗೆ ಬಂತು. ಕಾಗೆಗಳು ಕಂಪೌಂಡಿನ ಮೇಲೆ ಸಾಲಾಗಿ ಕುಳಿತಿದ್ದವು, ಒಂದೂ ಕೂಗುತ್ತಿರಲಿಲ್ಲ. ಭಟ್ಟರು ಬೆಳಗಿನಿಂದ ಒಂದು ಹನಿ ನೀರು ಕುಡಿದಿರಲಿಲ್ಲ, ಕೆಲಸ ಮುಗಿಯದೆ ಕುಡಿಯುವ ಹಾಗೂ ಇಲ್ಲ. ಅವರ ತುಟಿ ಒಣಗಿ ಬಿಳಿಯಾಗಿತ್ತು. ಅಷ್ಟು ವಯಸ್ಸಾಗಿದೆ ಎಂದು ನನಗೆ ಗೊತ್ತಾದದ್ದೇ ಆಗ. "ಆಯ್ತಾ?" ಎಂದು ನಡುನಡುವೆ ಕೇಳುತ್ತಿದ್ದರು. "ಇಲ್ಲ, ಇನ್ನೂ ಊಟ ಮಾಡ್ತಾ ಇದ್ದಾಳೆ" ಎಂದು ಅವನು ಹೇಳುತ್ತಿದ್ದ. ಎಲೆಯಲ್ಲಿ ಒಂದು ಅಗುಳೂ ಕದಲಿರಲಿಲ್ಲ.

ತೆಂಗಿನ ಮರಗಳ ನೆರಳು ಉದ್ದವಾದಾಗ ಭಟ್ಟರು ಸ್ವಲ್ಪ ಮುಂದೆ ಬಾಗಿದರು.

"ಈಗ ಎಂತ ತಿಂತಾ ಇದ್ದಾರೆ? ಅನ್ನವಾ, ಪಾಯಸವಾ?"

ಅವನು ತಲೆ ತಗ್ಗಿಸಿದ.

"ಸುಳ್ಳು ಹೇಳಬೇಡ. ನನಗೆ ಕಾಣುದಿಲ್ಲ, ನಿನ್ನ ಕಣ್ಣಿನಲ್ಲೇ ನಾನು ನೋಡಬೇಕು."

"ಅನ್ನ ಕಲಸ್ತಾಳೆ" ಎಂದ ಅವನು ಮೆಲ್ಲಗೆ. "ಬಾಯಿಗೆ ಇಡುದಿಲ್ಲ. ಕಲಸಿ ಈ ಕಡೆ ನೋಡ್ತಾಳೆ. ಮತ್ತೆ ಕಲಸ್ತಾಳೆ."

"ಆಗಿನಿಂದ ಹಾಗೆಯೇನಾ?"

"ಹೌದು."

"ಮತ್ತೆ ಊಟ ಮಾಡ್ತಾಳೆ ಅಂದದ್ದು ಎಂತಕ್ಕೆ?"

"ಇರಲಿ ಅಂತ, ಭಟ್ಟರೇ. ಇನ್ನು ಸ್ವಲ್ಪ ಹೊತ್ತು ಇರಲಿ ಅಂತ."

ಭಟ್ಟರಿಗೆ ಸಿಟ್ಟು ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಬೆರಳಿನ ದರ್ಭೆಯ ಉಂಗುರವನ್ನು ತಿರುಗಿಸುತ್ತಾ ಕುಳಿತರು. ಆಮೇಲೆ ಕೇಳಿದರು.

"ನೀನು ಊಟ ಮಾಡಿದ್ದೀಯಾ?"

"ಇಲ್ಲ. ಎಲ್ಲ ಮುಗಿಯುವವರೆಗೆ ಉಪವಾಸ ಇರಬೇಕು ಅಂತ ನೀವೇ ಹೇಳಿದ್ದಲ್ವಾ?"

"ಹೇಳಿದ್ದು ಹೌದು. ಅವರು ಬದುಕಿದ್ದಾಗ, ನೀನು ಊಟ ಮಾಡುವ ಮೊದಲು ಅವರು ಒಂದು ದಿನವಾದರೂ ಊಟ ಮಾಡಿದ್ದುಂಟಾ?"

ಪರದೆಯಲ್ಲಿ ಅವನ ಮುಖ ನಿಂತೇಬಿಟ್ಟಿತು. ನೆಟ್ ನಿಂತದ್ದೋ ಅವನೇ ನಿಂತದ್ದೋ ಗೊತ್ತಾಗಲಿಲ್ಲ. ಆಮೇಲೆ "ಇಲ್ಲ" ಎಂಬ ಮಾತು ಬಂತು.

"ಹೋಗು ಮಗಾ. ಮನೆಯಲ್ಲಿ ಎಂತ ಉಂಟೋ ತಂದು ಊಟ ಮಾಡು. ಅವರಿಗೆ ಕಾಣುವ ಹಾಗೆ ಕೂತು ಮಾಡು."

ನಾನು ಬೆಚ್ಚಿಬಿದ್ದು ಅವರ ಮುಖ ನೋಡಿದೆ. ಕಳಿಸುವ ಮೊದಲು ಕರ್ತೃ ಉಣ್ಣುವುದೆಂದರೆ ಇಡೀ ಶ್ರಾದ್ಧವೇ ಕೆಟ್ಟ ಹಾಗೆ. ಹಾಗೆಂದು ನೂರು ಮನೆಯಲ್ಲಿ ಗದರಿಸಿದವರು ಇವರೇ. ನನ್ನ ನೋಟ ಅವರಿಗೆ ಅರ್ಥವಾಯಿತು. "ಪಾಪ ನನಗೆ ಬರಲಿ, ನೀನು ಪೆಟ್ಟಿಗೆ ಸರಿ ಹಿಡಿ" ಎಂದರು. ದನಿ ಎಂದಿನದೇ, ಕಣ್ಣು ಮಾತ್ರ ಒದ್ದೆಯಾಗಿತ್ತು.

ಅನಂತೇಶ ಒಂದು ಸ್ಟೀಲಿನ ತಟ್ಟೆಯಲ್ಲಿ ಹಿಂದಿನ ದಿನದ ಅನ್ನ, ಸಾರು ತಂದ. ಅಲ್ಲಿ ಒಬ್ಬನೇ ಕುಳಿತು, ಇಲ್ಲಿಗೆ ಮುಖ ಮಾಡಿ, ಕಲಸಿ ಬಾಯಿಗಿಟ್ಟ. ಅಳುತ್ತಾ ಉಣ್ಣುವುದು ಎಷ್ಟು ಕಷ್ಟ ಎಂದು ಅಂದು ನೋಡಿದೆ. ಎರಡು ತುತ್ತಿಗೇ ನಿಲ್ಲಿಸಿದ.

"ಅಷ್ಟು ಸಾಕಾಗುದಿಲ್ಲ. ಇನ್ನು ಸ್ವಲ್ಪ ಹಾಕಿಕೋ" ಎಂದರು ಭಟ್ಟರು. ಬಡಿಸುವವರ ದನಿ ಅದು.

ಅವನು ಹಾಕಿಕೊಂಡ. ತಟ್ಟೆ ಖಾಲಿಯಾಗುವವರೆಗೆ ಉಂಡ. ಕೈ ಒಣಗಿಸಿಕೊಂಡು ಸುಮ್ಮನೆ ಈ ಕಡೆ ನೋಡುತ್ತಿದ್ದವನು, "ಬಾಯಿಗೆ ಇಟ್ಟಳು" ಎಂದ. ಸ್ವಲ್ಪ ಹೊತ್ತಾದ ಮೇಲೆ, "ಎಲೆ ಮಡಚಿದಳು" ಎಂದ. ನನ್ನ ಕಣ್ಣೆದುರಿಗಿದ್ದ ಎಲೆ ಹರಡಿಯೇ ಇತ್ತು, ಅನ್ನ ಹಾಗೆಯೇ ಇತ್ತು.

"ಈಗ ಹೇಳು" ಎಂದರು ಭಟ್ಟರು. ಅವರು ಒಂದೊಂದೇ ಶಬ್ದವಾಗಿ ಹೇಳಿಕೊಟ್ಟರು, ಅವನು ಒಂದೊಂದೇ ಶಬ್ದವಾಗಿ ಹೇಳಿದ. ಏಳು, ಹೊರಡು. ಯಾವ ಮಗನೂ ತಾಯಿಗೆ ಹೇಳಲಾರದ ಮಾತನ್ನು ಅವನು ಹೇಳಿ ಮುಗಿಸಿದ. ಹೊರಗೆ ಬಿಸಿಲು ಕೆಂಪಾಗುತ್ತಿತ್ತು.

"ಎದ್ದಳು" ಎಂದ.

ಭಟ್ಟರು ಉಸಿರು ಬಿಟ್ಟರು. ನಾನೂ ಬಿಟ್ಟೆ. ಫೋನಿನ ಕಡೆ ನೋಡಿದೆ, ಅಂಕಿ ಇನ್ನೂ ಎರಡೇ ಇತ್ತು.

"ಭಟ್ಟರೇ, ನಿಂತಿದ್ದಾಳೆ. ಹೋಗ್ತಾ ಇಲ್ಲ." ಅನಂತೇಶನ ದನಿ ಗಾಬರಿಯಾಯಿತು. "ಈಗ ನನಗೆ ಎಂತದೂ ಕಾಣುದಿಲ್ಲ. ನಿಮ್ಮನ್ನೂ ಕಾಣುದಿಲ್ಲ. ಪರದೆ ತುಂಬ ಹಸಿರು ಸೀರೆಯೇ. ಅಕ್ಕಾ, ನೀವು ಬಾಗಿಲಲ್ಲಿ ಕೂತಿದ್ದೀರಾ? ಅಮ್ಮ ನಿಮ್ಮ ಎದುರೇ ನಿಂತಿದ್ದಾಳೆ. ಮಡಿಯವಳು, ನಿಮ್ಮನ್ನು ದಾಟುವುದಿಲ್ಲ. ಸ್ವಲ್ಪ ಸರಿಯಿರಿ ಅಕ್ಕಾ."

ನನ್ನ ಎದುರಿಗೆ ಭಟ್ಟರು ಮಾತ್ರ ಇದ್ದರು. ನಡುವೆ ಖಾಲಿ ನೆಲ. ನಾನು ಕುಳಿತಲ್ಲೇ ಇದ್ದೆ. ಭಟ್ಟರು ನನ್ನನ್ನು ನೋಡುತ್ತಿರಲಿಲ್ಲ, ನನಗಿಂತ ಸ್ವಲ್ಪ ಮೇಲೆ, ನಿಂತವರ ಮುಖ ಇರುವಲ್ಲಿ ನೋಡುತ್ತಿದ್ದರು.

"ಶರ್ವಾಣಿ, ದಾರಿ ಬಿಡು" ಎಂದರು.

ಹೇಗೆ ಎದ್ದೆನೋ ಗೊತ್ತಿಲ್ಲ. ಲ್ಯಾಪ್‌ಟಾಪನ್ನು ಎದೆಗೆ ಒತ್ತಿ ಹಿಡಿದುಕೊಂಡು, ಕಾಲಿನಿಂದಲೇ ಸ್ಟೂಲನ್ನು ಬದಿಗೆ ತಳ್ಳಿ, ಗೋಡೆಗೆ ಅಂಟಿ ನಿಂತೆ. ಬಾಗಿಲು ತೆರವಾಯಿತು. ಜನ್ಮದಲ್ಲಿ ಯಾರೊಂದಿಗೂ ಮೆತ್ತಗೆ ಮಾತಾಡದ ಹೃಷೀಕೇಶ ಭಟ್ಟರು ಕುಳಿತಲ್ಲಿಂದಲೇ ಎರಡೂ ಕೈ ಎತ್ತಿ ಮುಗಿದು, ಆ ಖಾಲಿ ಬಾಗಿಲಿಗೆ ಹೇಳಿದರು:

"ಜಾಗ್ರತೆ ಅಮ್ಮಾ, ಅಲ್ಲಿ ಒಂದು ಮೆಟ್ಟಿಲುಂಟು."